ಮೋಟಾರು ಚಾಲಕಫಲಕ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸದ ಆಕರಗಳೆಂದರೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರಹ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆ ತಪ್ಪಲ್ಲ, ಆದರೆ ಅಪೂರ್ಣ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವ್ಹೀಲರ್ ಅವರು ಉತ್ಖನನ ನಡೆಸಿದಾಗ ಅಲ್ಲಿನ ಸಂಸ್ಕೃತಿಗಳ ಕಾಲಾನುಕ್ರಮವನ್ನು ನಿಶ್ಚಯಿಸಲು ಮುಖ್ಯವಾಗಿ ನೆರವಾದುವು ಒಡೆದ ಮಡಕೆಯ ಚೂರುಗಳು. ಬಳಸಿ ಬಿಸುಟ ವಸ್ತುವೂ ಸಾಕ್ಷ್ಯ ನುಡಿಯಬಲ್ಲದು ಎಂಬುದನ್ನು ಪ್ರಾಚೀನ ಕಾಲದ ವಿಷಯದಲ್ಲಿ ನಾವು ಒಪ್ಪಿದ್ದೇವೆ. ನಮ್ಮ ಕಾಲದ ವಸ್ತುಗಳ ವಿಷಯದಲ್ಲಿ ಮಾತ್ರ ಅದೇ ಔದಾರ್ಯವನ್ನು ತೋರುತ್ತಿಲ್ಲ.

ಈ ಲೇಖನದಲ್ಲಿ ಅಂತಹ ಒಂದು ವಸ್ತುವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಶಾಲಾಕಾಲೇಜುಗಳಲ್ಲಿ ಹವ್ಯಾಸಕ್ಕಾಗಿ ಸಣ್ಣ ರೋಬಾಟುಗಳನ್ನು ಕಟ್ಟುವ ವಿದ್ಯಾರ್ಥಿಗಳು ಇದನ್ನು 'ಮೋಟರ್ ಡ್ರೈವರ್ ಬೋರ್ಡ್' ಎನ್ನುತ್ತಾರೆ. ಇಲ್ಲಿ ಇದನ್ನು ಚಾಲಕಫಲಕವೆಂದು ಕರೆಯೋಣ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ, ಅಂಗೈಗಿಂತ ಚಿಕ್ಕದಾದ, ಕೆಂಪು ಬಣ್ಣದ ಹಲಗೆಯೊಂದು ಈ ವರ್ಗದಲ್ಲಿ ಅತ್ಯಂತ ಪರಿಚಿತವಾದುದು. ಅದರ ನಡುವೆ ನಿಂತಿರುವ ಚಿಪ್ಪಿನ ಮೇಲೆ 'ಎಲ್ ೨೯೮ ಎನ್' ಎಂಬ ಸಂಖ್ಯೆಯಿದೆ. ಬೆನ್ನಿಗೆ ಶಾಖವನ್ನು ಹೊರಚೆಲ್ಲುವ ಕಪ್ಪು ಅಲ್ಯೂಮಿನಿಯಂ ತುಂಡಿದೆ. ಈ ಚಿಪ್ಪು ಹಳೆಯದು. ಇದಕ್ಕಿಂತ ಸಮರ್ಥವಾದುವು ಬಂದು ಬಹುಕಾಲವಾಯಿತು. ಆದರೂ ಇದು ಬಳಕೆಯಿಂದ ಹೋಗಿಲ್ಲ. ಏಕೆ ಹೋಗಿಲ್ಲ ಎಂಬುದು ವಿದ್ಯುದ್ವಿಜ್ಞಾನದ ಪ್ರಶ್ನೆ ಮಾತ್ರವಲ್ಲ, ಇತಿಹಾಸದ ಪ್ರಶ್ನೆಯೂ ಹೌದು.

೧. ಫಲಕದ ಅಗತ್ಯ

ರೋಬಾಟಿನಲ್ಲಿ ಆಲೋಚಿಸುವ ಭಾಗ ಬೇರೆ, ದುಡಿಯುವ ಭಾಗ ಬೇರೆ. ಆರ್ಡುಯಿನೋ ಊನೋ ಎಂಬ ಪ್ರಸಿದ್ಧ ಗಣಕಫಲಕವನ್ನೇ ತೆಗೆದುಕೊಳ್ಳೋಣ. ಅದರ ಒಂದೊಂದು ಕಾಲಿನಿಂದ ನಿರಪಾಯವಾಗಿ ಪಡೆಯಬಹುದಾದ ಪ್ರವಾಹ ಸುಮಾರು ೨೦ ಮಿಲಿಆಂಪಿಯರು. ೪೦ ಮಿಲಿಆಂಪಿಯರು ಅದರ ಅತ್ಯಂತಿಕ ಮಿತಿ. ಆಟಿಕೆಯ ಚಕ್ರವನ್ನು ತಿರುಗಿಸುವ ಪುಟ್ಟ ಮೋಟಾರಾದರೂ ಭಾರವಿಲ್ಲದೆ ತಿರುಗುವಾಗಲೇ ನೂರಕ್ಕೂ ಮಿಗಿಲಾದ ಮಿಲಿಆಂಪಿಯರನ್ನು ಬೇಡಬಹುದು. ಚಕ್ರವು ಕಲ್ಲಿಗೆ ಸಿಕ್ಕಿ ನಿಂತರೆ ಈ ಬೇಡಿಕೆ ಹಲವು ಪಟ್ಟು ಏರುತ್ತದೆ. ಮೋಟಾರನ್ನು ನೇರವಾಗಿ ಗಣಕದ ಕಾಲಿಗೆ ಕಟ್ಟಿದರೆ ಕೆಡುವುದು ಗಣಕವೇ.

ಆದಕಾರಣ ನಡುವೆ ಒಬ್ಬ ಮಧ್ಯವರ್ತಿ ಬೇಕು. ಗಣಕವು ಕೊಡುವುದು ಅಪ್ಪಣೆ. ಬ್ಯಾಟರಿಯು ಕೊಡುವುದು ಬಲ. ಅಪ್ಪಣೆಯನ್ನು ಕೇಳಿ ಬಲವನ್ನು ಹರಿಯಗೊಡುವುದು, ತಡೆಯುವುದು, ಅದರ ದಿಕ್ಕನ್ನು ತಿರುಗಿಸುವುದು ಚಾಲಕಫಲಕದ ಕೆಲಸ. ರಾಜ್ಯದ ಆಡಳಿತದಲ್ಲಿ ಅರಸನ ಆಜ್ಞೆಯನ್ನು ನಾಡಿನಲ್ಲಿ ಜಾರಿಗೆ ತರುತ್ತಿದ್ದ ಅಧಿಕಾರಿಗಳ ಸ್ಥಾನ ಎಂತಹುದೋ ಇಲ್ಲಿ ಈ ಫಲಕದ ಸ್ಥಾನ ಅಂತಹುದು. ಅರಸರ ಚರಿತ್ರೆಯನ್ನು ವಿಸ್ತಾರವಾಗಿ ಬರೆದು ಅಧಿಕಾರಿಗಳನ್ನು ಮರೆಯುವ ರೂಢಿ ನಮ್ಮಲ್ಲಿರುವಂತೆ, ಗಣಕದ ಚರಿತ್ರೆಯನ್ನು ಬರೆದು ಮಧ್ಯವರ್ತಿಯನ್ನು ಮರೆಯುವ ರೂಢಿಯೂ ಬೆಳೆದಿದೆ.

೨. ಅಪ್ಪಣೆ ಮತ್ತು ಬಲಗಳ ಬೇರ್ಪಡೆ

ಅಲ್ಪ ಪ್ರವಾಹದಿಂದ ಮಹಾಪ್ರವಾಹವನ್ನು ಆಳುವ ಕಲ್ಪನೆ ಗಣಕಕ್ಕಿಂತ ಬಹಳ ಹಿಂದಿನದು. ೧೮೩೦ರ ದಶಕದ ನಡುಭಾಗದಲ್ಲಿ ಪ್ರಿನ್ಸ್‌ಟನ್ನಿನ ಅಧ್ಯಾಪಕ ಜೋಸೆಫ್ ಹೆನ್ರಿಯು ಉದ್ದವಾದ ತಂತಿಯಲ್ಲಿ ಬಂದ ದುರ್ಬಲ ಪ್ರವಾಹದಿಂದ ಒಂದು ಚಿಕ್ಕ ವಿದ್ಯುತ್ಕಾಂತವನ್ನು ಚಲಿಸಿ, ಅದರ ಚಲನೆಯಿಂದ ಮತ್ತೊಂದು ಬಲವಾದ ವಿದ್ಯುನ್ಮಂಡಲವನ್ನು ತೆರೆದು ತೋರಿಸಿದನು. ಇದೇ ರಿಲೇಯ ತತ್ತ್ವ. ತಂತಿ ವಾರ್ತೆಯು ದೂರದ ಊರುಗಳನ್ನು ಮುಟ್ಟಿದ್ದು ಈ ಉಪಾಯದಿಂದ.

ಮೋಟಾರುಗಳ ವಿಷಯದಲ್ಲಿ ಇದರ ಮಹತ್ತ್ವವನ್ನು ಸ್ಪಷ್ಟಪಡಿಸಿದವನು ಅಮೆರಿಕದ ಫ್ರಾಂಕ್ ಸ್ಪ್ರೇಗ್. ೧೮೮೮ರಲ್ಲಿ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸಿ ಹೆಸರಾದ ಈತನು ಮುಂದೆ ರೈಲಿನ ಪ್ರತಿಯೊಂದು ಗಾಡಿಗೂ ಮೋಟಾರುಗಳನ್ನು ಅಳವಡಿಸಿ, ಅವೆಲ್ಲವನ್ನೂ ಮುಂದಿನ ಗಾಡಿಯಲ್ಲಿ ಕುಳಿತ ಒಬ್ಬನೇ ಚಾಲಕನು ಒಂದು ಹಿಡಿಯಿಂದ ನಡೆಸುವ ಏರ್ಪಾಡನ್ನು ೧೮೯೭ರಲ್ಲಿ ರೂಪಿಸಿದನು. ಚಾಲಕನ ಕೈಯಿಂದ ಗಾಡಿಯಿಂದ ಗಾಡಿಗೆ ಹರಿಯುತ್ತಿದ್ದುದು ಅಪ್ಪಣೆಯ ಸಣ್ಣ ಪ್ರವಾಹ ಮಾತ್ರ; ಮೋಟಾರಿಗೆ ಬೇಕಾದ ಬಲವನ್ನು ಆಯಾ ಗಾಡಿಯ ಸ್ವಿಚ್ಚುಗಳೇ ತಂದುಕೊಡುತ್ತಿದ್ದುವು. ಚಿಕಾಗೋ ನಗರದ ಮೇಲ್ಸೇತುವೆಯ ರೈಲಿನಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯೇ ಇಂದಿನ ನಗರ ರೈಲುಗಳ ಪೂರ್ವಜ. ಎರಡು ಮೋಟಾರುಗಳಿಗೆ ಗಣಕದಿಂದ ಸಪೂರ ತಂತಿಗಳೂ ಬ್ಯಾಟರಿಯಿಂದ ದಪ್ಪ ತಂತಿಗಳೂ ಬರುವ ವಿದ್ಯಾರ್ಥಿಯ ರೋಬಾಟಿನಲ್ಲಿ ಕಾಣುವುದು ಇದೇ ವ್ಯವಸ್ಥೆ.

ಮರುವರ್ಷ, ಎಂದರೆ ೧೮೯೮ರಲ್ಲಿ, ನಿಕೊಲಾ ಟೆಸ್ಲಾ ಅವರು ತಂತಿಯಿಲ್ಲದೆ ದೂರದಿಂದ ನಡೆಸಬಹುದಾದ ದೋಣಿಯೊಂದನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿ, ಅದೇ ನವೆಂಬರಿನಲ್ಲಿ ಅದಕ್ಕೆ ಪೇಟೆಂಟು ಪಡೆದರು. ಗಾಳಿಯಲ್ಲಿ ಬಂದ ಅತಿ ಕ್ಷೀಣವಾದ ಸಂಜ್ಞೆಯು ದೋಣಿಯೊಳಗಿನ ರಿಲೇಯನ್ನು ಚಲಿಸುತ್ತಿತ್ತು. ಚುಕ್ಕಾಣಿಯನ್ನು ತಿರುಗಿಸುವ ಬಲ ಬರುತ್ತಿದ್ದುದು ದೋಣಿಯ ಬ್ಯಾಟರಿಯಿಂದ.

ಸ್ವತಃ ನಿರ್ಧರಿಸಿ ನಡೆಯುವ ಯಂತ್ರದ ಕಥೆಯಲ್ಲಿ ಮುಂದಿನ ಮುಖ್ಯ ನಿಲ್ದಾಣ ಇಂಗ್ಲೆಂಡಿನ ಬ್ರಿಸ್ಟಲ್. ಅಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿ ವಿಲಿಯಂ ಗ್ರೇ ವಾಲ್ಟರ್ ಎಂಬ ವಿಜ್ಞಾನಿಯು ೧೯೪೮-೪೯ರಲ್ಲಿ ಎಲ್ಮರ್, ಎಲ್ಸೀ ಎಂಬ ಎರಡು 'ಆಮೆ'ಗಳನ್ನು ರಚಿಸಿದನು. ಬೆಳಕನ್ನು ಅರಸಿ ಸಾಗುವ, ಅಡ್ಡಿಗೆ ತಾಗಿದರೆ ಹಿಂಜರಿದು ಬೇರೆ ದಾರಿ ಹಿಡಿಯುವ ಈ ಯಂತ್ರಗಳಲ್ಲಿ ಇದ್ದುದು ಎರಡು ರೇಡಿಯೋ ವಾಲ್ವುಗಳು, ಎರಡು ಮೋಟಾರುಗಳು, ಅವುಗಳ ನಡುವೆ ರಿಲೇಗಳು. ವಾಲ್ವುಗಳು ಆಮೆಯ ಮಿದುಳಾದರೆ ರಿಲೇಗಳೇ ಅದರ ಚಾಲಕಫಲಕ. ೧೯೫೧ರ ಬ್ರಿಟನ್ ಉತ್ಸವದಲ್ಲಿ ಇಂತಹ ಆಮೆಗಳನ್ನು ಜನರು ನೋಡಿ ಬೆರಗಾದರು. ಬೆರಗಾದವರು ಮಿದುಳನ್ನು ಕುರಿತು ಮಾತನಾಡಿದರೇ ಹೊರತು ರಿಲೇಗಳನ್ನು ಕುರಿತಲ್ಲ.

೩. ನಾಲ್ಕು ಸ್ವಿಚ್ಚುಗಳ ಸೇತುವೆ

ರಿಲೇಯ ಕೆಲಸವನ್ನು ಇಂದಿನ ಫಲಕದಲ್ಲಿ ಟ್ರಾನ್ಸಿಸ್ಟರುಗಳು ಮಾಡುತ್ತವೆ. ಅವುಗಳ ಜೋಡಣೆಯ ಕ್ರಮವನ್ನು 'ಎಚ್ ಸೇತುವೆ' ಎನ್ನುತ್ತಾರೆ. ನಕ್ಷೆಯಲ್ಲಿ ಅದು ಇಂಗ್ಲಿಷಿನ ಎಚ್ ಅಕ್ಷರದಂತೆ ತೋರುವುದರಿಂದ ಈ ಹೆಸರು ಬಂದಿದೆ. ಎರಡು ಕಂಬಗಳು, ನಡುವೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿಯ ಸ್ಥಾನದಲ್ಲಿ ಮೋಟಾರು. ಪ್ರತಿಯೊಂದು ಕಂಬದಲ್ಲಿಯೂ ಮೇಲೊಂದು ಕೆಳಗೊಂದು ಸ್ವಿಚ್ಚು. ಮೇಲ್ತುದಿಗಳು ಬ್ಯಾಟರಿಯ ಧನಧ್ರುವಕ್ಕೂ ಕೆಳತುದಿಗಳು ಋಣಧ್ರುವಕ್ಕೂ ಸೇರಿರುತ್ತವೆ.

ಎಡದ ಮೇಲಿನ ಸ್ವಿಚ್ಚನ್ನೂ ಬಲದ ಕೆಳಗಿನದನ್ನೂ ಮುಚ್ಚಿದರೆ ಪ್ರವಾಹವು ಮೋಟಾರಿನಲ್ಲಿ ಎಡದಿಂದ ಬಲಕ್ಕೆ ಹರಿಯುತ್ತದೆ. ಚಕ್ರವು ಮುಂದಕ್ಕೆ ತಿರುಗುತ್ತದೆ. ಇನ್ನುಳಿದ ಎರಡನ್ನು ಮುಚ್ಚಿದರೆ ಹಿಂದಕ್ಕೆ ತಿರುಗುತ್ತದೆ. ನಾಲ್ಕನ್ನೂ ತೆರೆದಿಟ್ಟರೆ ಮೋಟಾರು ತನ್ನ ಪಾಡಿಗೆ ನಿಧಾನವಾಗಿ ನಿಲ್ಲುತ್ತದೆ. ಕೆಳಗಿನ ಎರಡನ್ನು ಮಾತ್ರ ಮುಚ್ಚಿದರೆ ತಿರುಗುತ್ತಿರುವ ಮೋಟಾರು ಜನಕಯಂತ್ರದಂತೆ ವರ್ತಿಸಿ, ತಾನೇ ಹುಟ್ಟಿಸಿದ ಪ್ರವಾಹದಿಂದ ತನ್ನನ್ನು ತಡೆದುಕೊಂಡು ಥಟ್ಟನೆ ನಿಲ್ಲುತ್ತದೆ. ಒಂದೇ ಕಂಬದ ಮೇಲಿನ ಕೆಳಗಿನ ಎರಡು ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿದರೆ ಮಾತ್ರ ಬ್ಯಾಟರಿಯ ಪ್ರವಾಹವೆಲ್ಲ ಮೋಟಾರನ್ನು ಬಿಟ್ಟು ಸ್ವಿಚ್ಚುಗಳ ಮೂಲಕವೇ ನುಗ್ಗಿ ಅವನ್ನು ಸುಟ್ಟುಬಿಡುತ್ತದೆ. ಚಿಪ್ಪಿನೊಳಗಿನ ರಚನೆಯಲ್ಲಿ ಈ ಅನಾಹುತವನ್ನು ತಪ್ಪಿಸುವ ಏರ್ಪಾಡು ಇರುತ್ತದೆ.

ಕೆಂಪು ಫಲಕದ ಮೇಲೆ ಚಿಪ್ಪಿನ ಬಳಿ ಎಂಟು ಚಿಕ್ಕ ಡಯೋಡುಗಳನ್ನು ಕಾಣಬಹುದು. ಮೋಟಾರಿನ ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ತಟಕ್ಕನೆ ಕಡಿದರೆ ಆ ಸುರುಳಿಯು ಪ್ರತಿಭಟಿಸಿ ಕ್ಷಣಕಾಲ ಬಹಳ ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸುತ್ತದೆ. ಫ್ಯಾರಡೆ ೧೮೩೧ರಲ್ಲಿ ಪ್ರಕಟಪಡಿಸಿದ ವಿದ್ಯುತ್ಪ್ರೇರಣೆಯ ನಿಯಮದ ಫಲವಿದು. ಹಾಗೆ ಹುಟ್ಟಿದ ಪ್ರವಾಹಕ್ಕೆ ಸುರಕ್ಷಿತವಾದ ಹಾದಿಯನ್ನು ತೋರುವುದು ಡಯೋಡುಗಳ ಕೆಲಸ. ಎಲ್ ೨೯೮ ಚಿಪ್ಪಿನೊಳಗೆ ಇವು ಇಲ್ಲ, ಆದ್ದರಿಂದ ಹೊರಗೆ ಹಾಕಬೇಕಾಯಿತು. ಅದರ ಕಿರಿಯ ಸೋದರನಂತಿರುವ ಎಲ್ ೨೯೩ ಡಿ ಚಿಪ್ಪಿನಲ್ಲಿ ಒಳಗೇ ಇವೆ.

೪. ವೇಗದ ಪ್ರಶ್ನೆ

ದಿಕ್ಕಿನ ನಂತರ ವೇಗ. ಹಳೆಯ ಟ್ರಾಮುಗಳಲ್ಲಿ ಮೋಟಾರಿನ ಹಾದಿಯಲ್ಲಿ ರೋಧಕಗಳನ್ನು ಸೇರಿಸಿ ವೇಗವನ್ನು ತಗ್ಗಿಸುತ್ತಿದ್ದರು. ಇದರಲ್ಲಿ ಉಳಿಕೆಯ ಬಲವೆಲ್ಲ ಶಾಖವಾಗಿ ನಷ್ಟವಾಗುತ್ತಿತ್ತು. ೧೮೯೧ರಲ್ಲಿ ಹ್ಯಾರಿ ವಾರ್ಡ್ ಲಿಯೊನಾರ್ಡ್ ಸೂಚಿಸಿದ ಪದ್ಧತಿ ಬೇರೆ ಬಗೆಯದು. ಒಂದು ಯಂತ್ರದಿಂದ ಜನಕಯಂತ್ರವನ್ನು ಸಮವೇಗದಲ್ಲಿ ತಿರುಗಿಸಿ, ಆ ಜನಕಯಂತ್ರದ ಕಾಂತಸುರುಳಿಯ ಅಲ್ಪ ಪ್ರವಾಹವನ್ನು ಹೆಚ್ಚಿಸಿಯೋ ತಗ್ಗಿಸಿಯೋ ಅದು ಮೋಟಾರಿಗೆ ಕೊಡುವ ಮಹಾಪ್ರವಾಹವನ್ನು ಆಳುವುದು. ಅಲ್ಪ ಪ್ರವಾಹದ ದಿಕ್ಕನ್ನು ತಿರುಗಿಸಿದರೆ ಮೋಟಾರೂ ಹಿಮ್ಮುಖವಾಗುವುದು. ಲಿಫ್ಟುಗಳಲ್ಲಿಯೂ ಗಣಿಗಳ ಎತ್ತುಯಂತ್ರಗಳಲ್ಲಿಯೂ ಈ ಪದ್ಧತಿ ದೀರ್ಘಕಾಲ ನಡೆಯಿತು. ದಿಕ್ಕು, ವೇಗ ಎರಡನ್ನೂ ಅಲ್ಪ ಸಂಜ್ಞೆಯಿಂದಲೇ ಆಳಿದ ಈ ವ್ಯವಸ್ಥೆಗೆ ಒಂದು ಕೋಣೆಯಷ್ಟು ಸ್ಥಳ ಬೇಕಾಗುತ್ತಿತ್ತು.

ಇಂದಿನ ಫಲಕ ಅನುಸರಿಸುವ ಉಪಾಯ ಸರಳ. ಸ್ವಿಚ್ಚನ್ನು ಅರೆಬರೆ ತೆರೆಯುವುದಿಲ್ಲ. ಪೂರ್ತಿಯಾಗಿ ಮುಚ್ಚಿ ತೆರೆಯುವುದನ್ನು ಅತಿ ಶೀಘ್ರವಾಗಿ ಮಾಡುತ್ತಲೇ ಇರುತ್ತದೆ. ಆರ್ಡುಯಿನೋ ಊನೋದ ಹೆಚ್ಚಿನ ಕಾಲುಗಳಲ್ಲಿ ಇದು ಸೆಕೆಂಡಿಗೆ ಸುಮಾರು ೪೯೦ ಬಾರಿ ನಡೆಯುತ್ತದೆ. ಪ್ರತಿಯೊಂದು ಬಾರಿಯೂ ಮುಚ್ಚಿರುವ ಕಾಲದ ಪಾಲು ಹೆಚ್ಚಿದರೆ ವೇಗ ಹೆಚ್ಚು, ಕಡಿಮೆಯಾದರೆ ವೇಗ ಕಡಿಮೆ. ಈ ಪಾಲನ್ನು ಸೊನ್ನೆಯಿಂದ ೨೫೫ರವರೆಗಿನ ಸಂಖ್ಯೆಯಿಂದ ಸೂಚಿಸುತ್ತಾರೆ. ವಿದ್ಯಾರ್ಥಿಗಳು ಪಿಡಬ್ಲ್ಯುಎಂ ಎನ್ನುವುದು ಇದನ್ನೇ.

೫. ಎರಡು ಪೀಳಿಗೆಗಳ ತುಲನೆ

ಎಲ್ ೨೯೩, ಎಲ್ ೨೯೮ ಚಿಪ್ಪುಗಳು ಇಟಲಿಯ ಎಸ್‌ಜಿಎಸ್ ಸಂಸ್ಥೆಯ ಕೃತಿಗಳು. ೧೯೮೦ರ ದಶಕದ ಪೀಳಿಗೆಗೆ ಸೇರಿದುವು. ಈ ಸಂಸ್ಥೆ ೧೯೮೭ರಲ್ಲಿ ಫ್ರಾನ್ಸಿನ ಥಾಮ್ಸನ್ ಸಂಸ್ಥೆಯ ಅರೆವಾಹಕ ಶಾಖೆಯೊಡನೆ ಕೂಡಿತು. ೧೯೯೮ರಿಂದ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಎಂಬ ಹೆಸರನ್ನು ತಳೆದಿದೆ. ಇವುಗಳೊಳಗಿನ ಸ್ವಿಚ್ಚುಗಳು ದ್ವಿಧ್ರುವ ಟ್ರಾನ್ಸಿಸ್ಟರುಗಳು. ಮುಂದಿನ ಪೀಳಿಗೆಯಲ್ಲಿ ಆ ಸ್ಥಾನಕ್ಕೆ ಬಂದುವು ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರುಗಳು. ಗಮನಾರ್ಹವಾದುದೇನೆಂದರೆ, ಈ ಬದಲಾವಣೆಗೆ ದಾರಿಮಾಡಿದವರಲ್ಲಿ ಅದೇ ಎಸ್‌ಜಿಎಸ್ ಸಂಸ್ಥೆಯೂ ಒಂದು. ೧೯೮೫ರ ವೇಳೆಗೆ ಅದು ಹಲವು ಬಗೆಯ ಟ್ರಾನ್ಸಿಸ್ಟರುಗಳನ್ನು ಒಂದೇ ಸಿಲಿಕಾನ್ ತುಂಡಿನ ಮೇಲೆ ರಚಿಸುವ ವಿಧಾನವನ್ನು ಸಾಧಿಸಿತು. ಆ ವಿಧಾನದ ಮೊದಲ ಫಲವಾದ ಎಲ್ ೬೨೦೨ ಎಂಬುದೂ ಮೋಟಾರು ಚಾಲಕವೇ. ಹಾಗಾಗಿ ಎಲ್ ೨೯೮ನ್ನು ಮೀರಿಸುವ ವಿದ್ಯೆ ಅದರ ಮನೆಯಲ್ಲಿಯೇ ಸುಮಾರು ನಾಲ್ಕು ದಶಕಗಳ ಹಿಂದೆ ಹುಟ್ಟಿತ್ತು.

ವ್ಯತ್ಯಾಸವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಆಂಪಿಯರು ಪ್ರವಾಹ ಹರಿಯುವಾಗ ಎಲ್ ೨೯೮ ಚಿಪ್ಪು ತಾನೇ ನುಂಗುವ ವೋಲ್ಟೇಜು, ತಯಾರಕರ ವಿವರಣಪತ್ರದಂತೆ, ೧.೮ರಿಂದ ೩.೨ ವೋಲ್ಟು, ಎರಡು ಆಂಪಿಯರಿಗೆ ೪.೯ ವೋಲ್ಟಿನವರೆಗೂ ಹೋಗಬಹುದು. ೧.೫ ವೋಲ್ಟಿನ ನಾಲ್ಕು ಶುಷ್ಕಕೋಶಗಳನ್ನು ಹಾಕಿದ ರೋಬಾಟಿನಲ್ಲಿ ಒಟ್ಟು ೬ ವೋಲ್ಟು. ಒಂದು ಆಂಪಿಯರಿನಲ್ಲಿ ಮೋಟಾರಿಗೆ ಉಳಿಯುವುದು ೪.೨ ವೋಲ್ಟು, ಕೆಟ್ಟ ಪಕ್ಷ ೨.೮ ವೋಲ್ಟು ಮಾತ್ರ. ಮಧ್ಯವರ್ತಿಯು ಕಾಲುಭಾಗಕ್ಕಿಂತ ಹೆಚ್ಚನ್ನು, ಕೆಲವೊಮ್ಮೆ ಅರ್ಧಕ್ಕಿಂತ ಹೆಚ್ಚನ್ನು, ತಾನೇ ಇಟ್ಟುಕೊಂಡಂತಾಯಿತು. ಆ ಪಾಲೆಲ್ಲ ಶಾಖವಾಗುತ್ತದೆ. ಬೆನ್ನಿಗೆ ಅಲ್ಯೂಮಿನಿಯಂ ತುಂಡನ್ನು ಕಟ್ಟಿರುವುದು ಇದಕ್ಕಾಗಿಯೇ. ಮಾಸ್‌ಫೆಟ್ ಪೀಳಿಗೆಯ, ತೋಷಿಬಾ ಸಂಸ್ಥೆಯ ಟಿಬಿ ೬೬೧೨ ಚಿಪ್ಪಿನ ಒಳರೋಧ ಸಾಮಾನ್ಯವಾಗಿ ಅರ್ಧ ಓಮ್. ಒಂದು ಆಂಪಿಯರಿನಲ್ಲಿ ಅದು ನುಂಗುವುದು ಅರ್ಧ ವೋಲ್ಟು. ಮೋಟಾರಿಗೆ ಐದೂವರೆ ವೋಲ್ಟು ದಕ್ಕುತ್ತದೆ. ಬೆರಳ ತುದಿಯಷ್ಟಿರುವ ಅದಕ್ಕೆ ಲೋಹದ ಬೆನ್ನು ಬೇಕಿಲ್ಲ.

೬. ಹಳೆಯದು ಏಕೆ ಉಳಿಯಿತು

ಹೀಗಿರುವಾಗ ಎಲ್ ೨೯೮ ಮರೆಯಾಗಬೇಕಿತ್ತು. ಮರೆಯಾಗದಿರುವುದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಅದರ ಸಹನಶಕ್ತಿ. ಅದು ೪೬ ವೋಲ್ಟಿನವರೆಗೆ ತಾಳಬಲ್ಲದು, ಪ್ರತಿ ಸೇತುವೆಗೆ ಎರಡು ಆಂಪಿಯರು ಕೊಡಬಲ್ಲದು, ಅತಿಯಾಗಿ ಕಾದರೆ ತಾನೇ ನಿಲ್ಲುವ ಏರ್ಪಾಡೂ ಉಂಟು. ಟಿಬಿ ೬೬೧೨ ತಾಳುವುದು ೧೫ ವೋಲ್ಟು. ನಿರಂತರವಾಗಿ ಕೊಡುವುದು ೧.೨ ಆಂಪಿಯರು. ಬಲ್ಲವನಿಗೆ ಹೊಸದು ಮೇಲು. ಕಲಿಯುವವನ ಕೈಯಲ್ಲಿ ೨೪ ವೋಲ್ಟಿನ ಮೋಟಾರಿದ್ದರೆ ಹಳೆಯದೇ ಗತಿ.

ಎರಡನೆಯದು ಕೈಗೆ ಸಿಗುವ ರೂಪ. ಕೆಂಪು ಫಲಕದಲ್ಲಿ ತಂತಿಯನ್ನು ತಿರುಪಿನಿಂದ ಬಿಗಿಯಬಹುದು, ಬೆಸುಗೆ ಬೇಡ. ೧೨ ವೋಲ್ಟಿನ ಒಳಗಿನ ಬ್ಯಾಟರಿಯಿದ್ದರೆ ಫಲಕದ ಮೇಲಣ ನಿಯಂತ್ರಕವೇ ಗಣಕಕ್ಕೆ ಬೇಕಾದ ೫ ವೋಲ್ಟನ್ನು ಒದಗಿಸುತ್ತದೆ.

ಮೂರನೆಯದು ಬೋಧನೆಯ ಪರಂಪರೆ. ೧೯೯೦ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಫ್ರೆಡ್ ಮಾರ್ಟಿನ್ ಅವರು ರೂಪಿಸಿದ, ಅನೇಕ ಕಾಲೇಜುಗಳ ರೋಬಾಟು ತರಗತಿಗಳಲ್ಲಿ ಬಳಕೆಯಾದ 'ಹ್ಯಾಂಡಿ ಬೋರ್ಡ್' ಎಲ್ ೨೯೩ ಡಿ ಬಗೆಯ ಚಿಪ್ಪುಗಳನ್ನು ಬಳಸಿತು. ೨೦೦೫ರಲ್ಲಿ ಇಟಲಿಯ ಇವ್ರೇಆ ಪಟ್ಟಣದಲ್ಲಿ ಆರ್ಡುಯಿನೋ ಹುಟ್ಟಿತು. ಅದರ ಅಧಿಕೃತ ಮೋಟಾರು ಫಲಕಕ್ಕೆ ಆರಿಸಿದ್ದು ಎಲ್ ೨೯೮ನ್ನೇ. ಎಸ್‌ಜಿಎಸ್ ಸಂಸ್ಥೆಯ ೧೯೫೭ರ ಸ್ಥಾಪನೆಯಲ್ಲಿಯೂ, ಆರ್ಡುಯಿನೋ ಹುಟ್ಟಿದ ವಿನ್ಯಾಸಶಾಲೆಯ ಸ್ಥಾಪನೆಯಲ್ಲಿಯೂ ಒಲಿವೆಟ್ಟಿ ಎಂಬ ಹೆಸರು ಬರುತ್ತದೆ; ಇದರಿಂದ ಕಾರ್ಯಕಾರಣ ಸಂಬಂಧವನ್ನು ಹೇಳಲಾಗದಿದ್ದರೂ ಎರಡೂ ಒಂದೇ ಔದ್ಯಮಿಕ ನೆಲದ ಬೆಳೆಗಳೆಂಬುದು ಗಮನಾರ್ಹ. ಒಮ್ಮೆ ಪಾಠದಲ್ಲಿ ಸೇರಿದ ಚಿಪ್ಪು ಪಾಠದಿಂದ ಪಾಠಕ್ಕೆ ನಕಲಾಗುತ್ತ ಹೋಗುತ್ತದೆ. ಗುರುವು ಕಲಿತದ್ದನ್ನೇ ಶಿಷ್ಯನೂ ಕಲಿಯುತ್ತಾನೆ.

ನಾಲ್ಕನೆಯದು ಪ್ರತಿಗಳ ಪ್ರಾಚುರ್ಯ. ಅಮೆರಿಕದ ಅಡಾಫ್ರೂಟ್ ಸಂಸ್ಥೆಯು ತನ್ನ ಮೋಟಾರು ಫಲಕದ ಮೊದಲ ಆವೃತ್ತಿಯಲ್ಲಿ ಎಲ್ ೨೯೩ ಡಿಯನ್ನು ಬಳಸಿ, ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ಟಿಬಿ ೬೬೧೨ಕ್ಕೆ ಬಂದಿತು. ಆದರೆ ಮೊದಲ ಆವೃತ್ತಿಯ ಪ್ರತಿಗಳನ್ನು ಅನ್ಯರು ಇಂದಿಗೂ ತಯಾರಿಸಿ ಅಗ್ಗವಾಗಿ ಮಾರುತ್ತಿದ್ದಾರೆ. ಮೂಲಕರ್ತೃ ತ್ಯಜಿಸಿದ ಪಾಠವು ಲಿಪಿಕಾರರ ಕೈಯಲ್ಲಿ ಉಳಿದು ಹಬ್ಬುವುದು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಇಲ್ಲಿ ಕೂಟಶಾಸನದ ಸಮಸ್ಯೆಯೂ ಉಂಟು. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟವೆಂದು ಫ್ಲೀಟ್ ಅವರು ವಾದಿಸಿದರು, ರೈಸ್ ಅವರು ಒಪ್ಪಲಿಲ್ಲ; ಲಿಪಿ, ಭಾಷೆ, ಕಾಲಗಣನೆಗಳನ್ನು ಒರೆಗೆ ಹಚ್ಚಿಯೇ ಆ ಚರ್ಚೆ ನಡೆಯಿತು. ಚಿಪ್ಪಿನ ಮೇಲಿನ ಹೆಸರೂ ಸದಾ ಸತ್ಯವಲ್ಲ. ಅದನ್ನು ಒರೆಗೆ ಹಚ್ಚುವ ಸಾಧನ ತಯಾರಕರ ವಿವರಣಪತ್ರ ಮತ್ತು ಒಂದು ಮಲ್ಟಿಮೀಟರು: ನುಂಗುವ ವೋಲ್ಟೇಜನ್ನು ಅಳೆದು ಪತ್ರದೊಡನೆ ಹೋಲಿಸಿದರೆ ಸಂದೇಹಕ್ಕೆ ಆಧಾರವುಂಟೇ ಎಂಬುದು ತಿಳಿಯುತ್ತದೆ.

ಡೇವಿಡ್ ಎಡ್ಜರ್ಟನ್ ಅವರು ೨೦೦೬ರಲ್ಲಿ ಪ್ರಕಟಿಸಿದ 'ದಿ ಶಾಕ್ ಆಫ್ ದಿ ಓಲ್ಡ್' ಎಂಬ ಗ್ರಂಥದಲ್ಲಿ, ತಂತ್ರವಿದ್ಯೆಯ ಇತಿಹಾಸವನ್ನು ಆವಿಷ್ಕಾರಗಳ ಸರಣಿಯಾಗಿ ಬರೆಯುವುದಕ್ಕಿಂತ ಬಳಕೆಯ ಇತಿಹಾಸವಾಗಿ ಬರೆಯಬೇಕೆಂದು ವಾದಿಸಿದ್ದಾರೆ. ಕೆಂಪು ಫಲಕವು ಈ ವಾದಕ್ಕೆ ಸಣ್ಣದಾದರೂ ಸ್ಪಷ್ಟವಾದ ನಿದರ್ಶನ. ಆವಿಷ್ಕಾರದ ಪಟ್ಟಿಯನ್ನು ನೋಡಿದರೆ ಎಲ್ ೨೯೮ ಮುಗಿದ ಅಧ್ಯಾಯ. ಬಳಕೆಯ ಪಟ್ಟಿಯನ್ನು ನೋಡಿದರೆ ಅದು ಇನ್ನೂ ನಡೆಯುತ್ತಿರುವ ಅಧ್ಯಾಯ.

೭. ಎರಡು ಸೂಚನೆಗಳು

ಈ ವಿವೇಚನೆಯಿಂದ ಎರಡು ಸೂಚನೆಗಳು ಹೊರಡುತ್ತವೆ. ಒಂದು, ಫಲಕವನ್ನು ಕೊಳ್ಳುವ ವಿದ್ಯಾರ್ಥಿಗೆ. ಮೋಟಾರು ತಿರುಗುವಾಗಿನ ಪ್ರವಾಹವನ್ನಲ್ಲ, ಅದು ತಡೆದು ನಿಂತಾಗಿನ ಪ್ರವಾಹವನ್ನು ನೋಡಿ ಫಲಕವನ್ನು ಆರಿಸಬೇಕು. ಬ್ಯಾಟರಿಯ ವೋಲ್ಟೇಜಿನಿಂದ ಫಲಕವು ನುಂಗುವುದನ್ನು ಕಳೆದು, ಉಳಿದದ್ದು ಮೋಟಾರಿಗೆ ಸಾಕೇ ಎಂದು ಮೊದಲೇ ಲೆಕ್ಕ ಮಾಡಬೇಕು. ಗಣಕದ ಮತ್ತು ಫಲಕದ ಋಣತಂತಿಗಳನ್ನು ಒಂದುಗೂಡಿಸಬೇಕು. ಇಲ್ಲದಿದ್ದರೆ ಅಪ್ಪಣೆಗೆ ಅರ್ಥವೇ ಇರುವುದಿಲ್ಲ. ೧೨ ವೋಲ್ಟಿಗಿಂತ ಹೆಚ್ಚಿನ ಬ್ಯಾಟರಿಯನ್ನು ಕೂಡಿಸುವ ಮುನ್ನ ಕೆಂಪು ಫಲಕದ ನಿಯಂತ್ರಕಕ್ಕೆ ಸೇರಿದ ಪುಟ್ಟ ಜಂಪರನ್ನು ಕಿತ್ತಿಡಬೇಕು.

ಇನ್ನೊಂದು, ಇತಿಹಾಸದ ಅಧ್ಯಾಪಕರಿಗೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸುಟ್ಟ ಫಲಕಗಳು ವರ್ಷವರ್ಷವೂ ಗುಜರಿಗೆ ಹೋಗುತ್ತವೆ. ಅವುಗಳೊಡನೆ ಈ ಕಾಲದ ವಿದ್ಯಾರ್ಥಿಗಳು ಏನನ್ನು ಕೊಂಡರು, ಎಷ್ಟು ಕೊಟ್ಟರು, ಏನನ್ನು ಕಟ್ಟಿದರು, ಎಲ್ಲಿ ಎಡವಿದರು ಎಂಬ ಸಾಕ್ಷ್ಯವೂ ಹೋಗುತ್ತದೆ. ಬೆಲೆಪಟ್ಟಿಗಳು ಬದಲಾಗುತ್ತವೆ, ಅಂಗಡಿಗಳು ಮುಚ್ಚುತ್ತವೆ, ಕೈಬರಹದ ನಕ್ಷೆಗಳು ಕಳೆದುಹೋಗುತ್ತವೆ. ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವು ವರ್ಷಕ್ಕೆ ಒಂದೆರಡು ಇಂತಹ ಫಲಕಗಳನ್ನು ಭೌತವಿಜ್ಞಾನ ವಿಭಾಗದಿಂದ ಕೇಳಿ ಪಡೆದು, ಕೊಂಡ ದಿನ, ಕೊಂಡ ಸ್ಥಳ, ತೆತ್ತ ಬೆಲೆ, ಬಳಸಿದ ಕೆಲಸ, ಕೆಟ್ಟ ಬಗೆ ಈ ಐದು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡುವುದಾದರೆ, ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ. ಬ್ರಹ್ಮಗಿರಿಯ ಮಡಕೆಗಳೊಡನೆ ಅಂತಹ ಚೀಟಿಗಳು ಇರಲಿಲ್ಲ. ನಮ್ಮ ಕಾಲದ ವಸ್ತುಗಳೊಡನೆ ಅವನ್ನು ಇಡುವುದು ಇನ್ನೂ ನಮ್ಮ ಕೈಯಲ್ಲಿದೆ.